ಹಾಲುಹಲ್ಲು ಎಲ್ಲಿಗೆ ಹೋಯಿತು? ಟೂತ್ ಫೇರಿ ಆಚರಣೆಯ ಹಿನ್ನೆಲೆ

1908ರ ಸೆಪ್ಟೆಂಬರ್ 27ರ ‘ಶಿಕಾಗೋ ಡೈಲಿ ಟ್ರಿಬ್ಯೂನ್’ ಪತ್ರಿಕೆಯಲ್ಲಿ, ಗೃಹಿಣಿಯರಿಗೆ ಮೀಸಲಾದ ಅಂಕಣದಲ್ಲಿ, ಲಿಲಿಯನ್ ಬ್ರೌನ್ ಎಂಬವರ ಪುಟ್ಟ ಸಲಹೆಯೊಂದು ಅಚ್ಚಾಯಿತು. ಅಲ್ಲಾಡುವ ಹಲ್ಲು ಕೀಳಲು ಬಿಡದೆ ಹಟ ಹಿಡಿಯುವ ಮಗುವಿಗೆ ಟೂತ್ ಫೇರಿ ಎಂಬ ಹಲ್ಲಿನ ಕಿನ್ನರಿಯ ವಿಷಯ ಹೇಳಬೇಕು. ಹಲ್ಲನ್ನು ದಿಂಬಿನಡಿ ಇಟ್ಟು ಮಲಗಿದರೆ ರಾತ್ರಿ ಅವಳು ಬಂದು ಅದನ್ನು ಒಯ್ದು, ಬದಲಿಗೆ ಏನಾದರೂ ಇಟ್ಟುಹೋಗುತ್ತಾಳೆ. ಇದಕ್ಕೆಂದು ತಾಯಂದಿರು ಐದು ಸೆಂಟಿನ ಸಾಮಾನುಗಳ ಕೌಂಟರಿಗೆ ಹೋಗಿ ಕೆಲವು ವಸ್ತುಗಳನ್ನು ಮೊದಲೇ ತಂದಿಟ್ಟುಕೊಂಡರೆ ಅನುಕೂಲ. ಟೂತ್ ಫೇರಿಯ ಬಗ್ಗೆ ಇದುವರೆಗೆ ಸಿಕ್ಕಿರುವ ಮುದ್ರಿತ ಉಲ್ಲೇಖಗಳಲ್ಲಿ ಇದೇ ಹಳೆಯದು.

ಕೆಲವೇ ಸಾಲುಗಳ ಈ ಸಲಹೆಯಲ್ಲಿ ಆಚರಣೆ ಪೂರ್ತಿಯಾಗಿ ಇದೆ: ದಿಂಬು, ರಾತ್ರಿಯ ಭೇಟಿ, ವಿನಿಮಯ, ತೆರೆಮರೆಯಲ್ಲಿರುವ ತಾಯಿ. ಇದನ್ನು ಪುರಾತನ ನಂಬಿಕೆಯ ಮುಂದುವರಿಕೆ ಎಂದು ವಿವರಿಸುವವರು ನಾರ್ವೆ, ಐಸ್‌ಲ್ಯಾಂಡ್ ಕಡೆಯ ‘ಎಡ್ಡಾ’ ಕಾವ್ಯವನ್ನು ತೋರಿಸುವುದುಂಟು. ಅಲ್ಲಿ ಫ್ರೇಯ್ ದೇವತೆಗೆ ಆಲ್ಫ್‌ಹೈಮ್ ಎಂಬ ಲೋಕ ಹಲ್ಲಿನ ಕಾಣಿಕೆಯಾಗಿ ದೊರಕುತ್ತದೆ ನಿಜ. ಆದರೆ ಅದು ಮಗುವಿಗೆ ಮೊದಲ ಹಲ್ಲು ಮೂಡಿದಾಗ ಕೊಡುವ ಕಾಣಿಕೆ. ಬಿದ್ದ ಹಲ್ಲಿಗೂ ಅದಕ್ಕೂ ಸಂಬಂಧ ಕಲ್ಪಿಸುವುದು ನನಗೆ ಸರಿಯೆನಿಸುವುದಿಲ್ಲ.

ನಿಜವಾದ ಪೂರ್ವಜ ಇಲಿ. ಜೇಮ್ಸ್ ಫ್ರೇಜರ್ ‘ದಿ ಗೋಲ್ಡನ್ ಬೋ’ ಗ್ರಂಥದಲ್ಲಿ ದಾಖಲಿಸಿರುವಂತೆ, ಜರ್ಮನಿಯಲ್ಲಿ ಬಿದ್ದ ಹಲ್ಲನ್ನು ಒಲೆಯ ಹಿಂದೆ ನಿಂತು ತಲೆಯ ಮೇಲಿಂದ ಹಿಂದಕ್ಕೆಸೆದು, ಬದಲಿಗೆ ಕಬ್ಬಿಣದ ಹಲ್ಲು ಕೊಡೆಂದು ಇಲಿಯನ್ನು ಕೇಳುತ್ತಿದ್ದರು. ಶಾಂತಸಾಗರದ ರಾರೊಟೊಂಗ ದ್ವೀಪದಲ್ಲಿ ಹಲ್ಲನ್ನು ಹುಲ್ಲುಮಾಡಿನ ಮೇಲೆ ಎಸೆಯುತ್ತಿದ್ದರು. ಇಲಿಗಳು ಗೂಡು ಕಟ್ಟುವುದು ಆ ಮಾಡಿನಲ್ಲೇ ಅಲ್ಲವೆ? ಇಲಿಯ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಹಲ್ಲು ಬೇಡಲು ಇದಕ್ಕಿಂತ ತಕ್ಕ ಪ್ರಾಣಿ ಇಲ್ಲ. ಉತ್ತರ ಇಂಗ್ಲೆಂಡಿನಲ್ಲಿ ಮಾತ್ರ ಹಲ್ಲನ್ನು ಉಪ್ಪಿನೊಡನೆ ಬೆಂಕಿಗೆ ಹಾಕುವ ರೂಢಿಯಿತ್ತು. ಮೈಯಿಂದ ಬೇರ್ಪಟ್ಟದ್ದು ಕೆಟ್ಟವರ ಕೈಗೆ ಸಿಕ್ಕೀತೆಂಬ ಭಯ ಇಂಥ ರೂಢಿಗಳ ಹಿಂದಿದೆ.

ದಂತವೈದ್ಯ ಬಿ. ಆರ್. ಟೌನೆಂಡ್ 1963ರಲ್ಲಿ ಬಿದ್ದ ಹಾಲುಹಲ್ಲಿನ ವಿಲೇವಾರಿಯನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದರು. ಸೂರ್ಯನತ್ತ ಎಸೆಯುವುದು, ಮಾಡಿನ ಮೇಲೆ ಎಸೆಯುವುದು, ಹೂಳುವುದು, ಮರದಲ್ಲೋ ಗೋಡೆಯಲ್ಲೋ ಸೇರಿಸುವುದು, ಕಡೆಗೆ ನುಂಗುವುದು ಕೂಡ ಆ ಪಟ್ಟಿಯಲ್ಲಿದೆ. ಹಲ್ಲನ್ನು ಸಗಣಿಯ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯುವ ಕರ್ನಾಟಕದ ರೂಢಿಯೂ ಇದೇ ವಿಂಗಡಣೆಗೆ ಸೇರುತ್ತದೆ. ಈ ಹಳೆಯ ರೂಢಿಗಳಲ್ಲಿ ಹೆಚ್ಚಿನವುಗಳಲ್ಲಿ ಮಗು ಎಚ್ಚರವಾಗಿರುತ್ತದೆ, ಹಗಲಲ್ಲಿ, ನಾಲ್ಕು ಜನರ ಕಣ್ಣೆದುರು ತಾನೇ ಎಸೆಯುತ್ತದೆ. ಕೇಳಿದರೆ ಕೇಳುವುದೂ ಹಲ್ಲನ್ನೇ ಹೊರತು ಹಣವನ್ನಲ್ಲ.

ಈ ಎರಡು ಲೋಕಗಳ ನಡುವೆ ನಿಂತಿರುವುದು ಸ್ಪೇನಿನ ಇಲಿ, ರಾತೊನ್ಸಿತೊ ಪೆರೆಸ್. ಪೆರೆಸ್ ಎಂಬ ಇಲಿ ಸ್ಪ್ಯಾನಿಷರಿಗೆ ಮೊದಲೇ ಗೊತ್ತಿತ್ತು. 1884ರ ‘ಲಾ ದೆ ಬ್ರಿಂಗಾಸ್’ ಕಾದಂಬರಿಯಲ್ಲಿ ಪೆರೆಸ್ ಗಾಲ್ದೋಸ್ ಅದರ ಹೆಸರೆತ್ತುತ್ತಾನೆ. ಆದರೆ ಅದಕ್ಕೆ ರೂಪ, ಮನೆ, ಸಂಸಾರ ಕೊಟ್ಟವನು ಜೆಸ್ವಿಟ್ ಪಾದ್ರಿ ಲೂಯಿಸ್ ಕೊಲೋಮಾ. 1894ರ ಸುಮಾರಿಗೆ ಬಾಲರಾಜ ಹದಿಮೂರನೆಯ ಅಲ್ಫೋನ್ಸೊಗೆ ಹಲ್ಲು ಬಿದ್ದಾಗ ಅರಮನೆಯವರು ಕಥೆಯೊಂದನ್ನು ಬರೆದುಕೊಡಲು ಅವನನ್ನು ಕೇಳಿದರು. ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡು, ಹುಟ್ಟಿದ ಗಳಿಗೆಯಿಂದಲೇ ರಾಜನಾದ ಮಗು ಅದು. ತಾಯಿ ಮರಿಯಾ ಕ್ರಿಸ್ತೀನಾ ಅವನನ್ನು ಬೂಬಿ ಎಂದು ಕರೆಯುತ್ತಿದ್ದಳು. ಕಥೆಯ ರಾಜನ ಹೆಸರೂ ಬೂಬಿಯೇ.

ಪೆರೆಸನಿಗೆ ಹುಲ್ಲಿನ ಟೋಪಿ, ಚಿನ್ನದ ಕಟ್ಟಿನ ಕನ್ನಡಕ, ಬೆನ್ನಿಗೊಂದು ಕೆಂಪು ಚೀಲ. ಮ್ಯಾಡ್ರಿಡ್‌ನ ಅರೆನಾಲ್ ಬೀದಿಯ 8ನೆಯ ನಂಬರಿನಲ್ಲಿದ್ದ ಪ್ರಾಸ್ತ್ ಮಿಠಾಯಿ ಅಂಗಡಿಯ ಬಿಸ್ಕತ್ತಿನ ಡಬ್ಬದಲ್ಲಿ ಅವನ ಸಂಸಾರ. ಬೂಬಿ ಹಲ್ಲನ್ನು ದಿಂಬಿನಡಿ ಇಟ್ಟು ಕಾಯುತ್ತಾನೆ. ಇಲಿ ಬಾಲದ ತುದಿಯನ್ನು ಅವನ ಮೂಗಿನಲ್ಲಿ ಆಡಿಸುತ್ತದೆ, ರಾಜ ಸೀನುತ್ತಾನೆ, ಸೀನಿದೊಡನೆ ತಾನೂ ಇಲಿಯಾಗುತ್ತಾನೆ. ಇಬ್ಬರೂ ಹೊರಟು ಮುಟ್ಟುವುದು ಜಿಲಿತೊ ಎಂಬ ಬಡ ಹುಡುಗನ ಮನೆಯನ್ನು. ಅವನಿಗೂ ಹಲ್ಲು ಬಿದ್ದಿದೆ. ಹೊದೆಯಲು ಬೆಚ್ಚನೆಯ ಬಟ್ಟೆಯಿಲ್ಲದ ಆ ಮಗುವನ್ನು ಕಂಡ ಬಾಲರಾಜನಿಗೆ, ತನ್ನ ರಾಜ್ಯದ ಬಡಮಕ್ಕಳೆಲ್ಲ ತನ್ನ ತಮ್ಮಂದಿರೆಂಬ ಅರಿವು ಮೂಡುತ್ತದೆ. ಹಲ್ಲು ಬೀಳುವುದರಲ್ಲಿ ಅರಮನೆ, ಗುಡಿಸಲೆಂಬ ಭೇದವಿಲ್ಲ ಎಂಬುದನ್ನು ಎಂಟರ ರಾಜನಿಗೆ ಮನಮುಟ್ಟುವಂತೆ ಹೇಳಿದ ಈ ಕಥೆ, ಹಲ್ಲಿನ ಕುರಿತು ಬಂದ ಕಥೆಗಳಲ್ಲೇ ಶ್ರೇಷ್ಠವೆಂದು ನಾನು ಎಣಿಸುತ್ತೇನೆ. ಅರೆನಾಲ್ ಬೀದಿಯ ಆ ಕಟ್ಟಡಕ್ಕೆ ಮ್ಯಾಡ್ರಿಡ್ ನಗರಸಭೆ 2003ರಲ್ಲಿ ಪೆರೆಸನ ಹೆಸರಿನ ಸ್ಮಾರಕ ಫಲಕ ಹಾಕಿದೆ.

ದಿಂಬು, ರಾತ್ರಿ ಎರಡೂ ಹೀಗೆ ಮ್ಯಾಡ್ರಿಡ್‌ನಲ್ಲೇ ಇದ್ದವು. ಶಿಕಾಗೋದಲ್ಲಿ ಆದದ್ದು ಇಲಿ ಹೋಗಿ ಫೇರಿ ಬಂದದ್ದು. ಅವಳ ಗೆಲುವು ತಕ್ಷಣದ್ದಲ್ಲ. 1927ರಲ್ಲಿ ಎಸ್ತರ್ ವಾಟ್ಕಿನ್ಸ್ ಆರ್ನಲ್ಡ್ ಮಕ್ಕಳಿಗಾಗಿ ‘ದಿ ಟೂತ್ ಫೇರಿ’ ನಾಟಕ ಬರೆದರು. 1949ರಲ್ಲಿ ಲೀ ರೊಗೋ ಅದೇ ಹೆಸರಿನ ಕಥೆಯನ್ನು ‘ಕಾಲಿಯರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನೆಮನೆಯ ಮಾತಾದದ್ದು ಆಮೇಲೆ. ಯುದ್ಧಾನಂತರದ ಸಮೃದ್ಧಿ, ಮಕ್ಕಳನ್ನೇ ಕೇಂದ್ರವಾಗಿಸಿಕೊಂಡ ಕುಟುಂಬ, ಮಾಧ್ಯಮಗಳ ಪ್ರೋತ್ಸಾಹ ಎಂದು ಜಾನಪದ ವಿದ್ವಾಂಸ ಟ್ಯಾಡ್ ತುಲೇಜಾ ಮೂರು ಕಾರಣ ಕೊಡುತ್ತಾರೆ. ಡಿಸ್ನಿಯ ‘ಪಿನೋಕಿಯೊ’ (1940), ‘ಸಿಂಡ್ರೆಲಾ’ (1950) ಚಿತ್ರಗಳು ದಯಾಮಯಿ ಫೇರಿಯನ್ನು ಎಲ್ಲ ಮಕ್ಕಳ ಕಣ್ಣಿಗೂ ತಂದಿದ್ದವು. ಇದಕ್ಕೆ ನಾನು ಸೇರಿಸುವುದು ಇನ್ನೊಂದು ಕಾರಣ: ನಗರದ ಶುಚಿಯಾದ ಮಲಗುವ ಕೋಣೆಯಲ್ಲಿ ಇಲಿಗೆ ಸ್ವಾಗತವಿರಲಿಲ್ಲ.

ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತವೈದ್ಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ರೋಸ್‌ಮೇರಿ ವೆಲ್ಸ್ ಈ ವಿಷಯಕ್ಕೆ ವರ್ಷಗಟ್ಟಲೆ ದುಡಿದು, ಪೋಷಕರ ಸಮೀಕ್ಷೆ ನಡೆಸಿ, 1993ರಲ್ಲಿ ಇಲಿನಾಯ್‌ನ ಡೀರ್‌ಫೀಲ್ಡ್‌ನ ತಮ್ಮ ಮನೆಯಲ್ಲೇ ಟೂತ್ ಫೇರಿ ಸಂಗ್ರಹಾಲಯ ತೆರೆದರು. ಹಲ್ಲಿನ ಬೆಲೆ ಏರಿದ ಬಗೆಯನ್ನೂ ಅವರು ಲೆಕ್ಕ ಹಾಕಿದ್ದರು. ಡೆಲ್ಟಾ ಡೆಂಟಲ್ ವಿಮಾ ಸಂಸ್ಥೆಯ ಸಮೀಕ್ಷೆಯಲ್ಲಿ 1998ರಲ್ಲಿ ಹಲ್ಲೊಂದಕ್ಕೆ ಸರಾಸರಿ 1.30 ಡಾಲರ್ ಇದ್ದದ್ದು 2023ರಲ್ಲಿ 6.23 ಡಾಲರಿಗೆ ಏರಿತ್ತು.

ಒಂದು ಊರಿನಲ್ಲಿ ಮಾತ್ರ ಫೇರಿಗೆ ಪ್ರಬಲ ಎದುರಾಳಿ ಹುಟ್ಟಿದ್ದ. ಅಣುಬಾಂಬ್ ಪರೀಕ್ಷೆಗಳ ವಿಕಿರಣ ಮಕ್ಕಳ ಮೈ ಸೇರುತ್ತಿದೆಯೇ ಎಂದು ತಿಳಿಯಲು ವೈದ್ಯೆ ಲೂಯಿಸ್ ರೈಸ್ ಮತ್ತು ಸಂಗಡಿಗರು 1958ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹಾಲುಹಲ್ಲುಗಳನ್ನು ಕೂಡಿಹಾಕತೊಡಗಿದರು. ಆ ಪರೀಕ್ಷೆಗಳಿಂದ ಹರಡುವ ವಿಕಿರಣಶೀಲ ಸ್ಟ್ರಾಂಷಿಯಮ್-90 ಹಾಲಿನ ಮೂಲಕ ಬಂದು ಕ್ಯಾಲ್ಸಿಯಂನಂತೆಯೇ ಹಲ್ಲಿನಲ್ಲಿ ನೆಲೆಸುತ್ತದೆ. ಹಲ್ಲು ಕಳಿಸಿದ ಮಗುವಿಗೆ, ವಿಜ್ಞಾನಕ್ಕೆ ಹಲ್ಲು ಕೊಟ್ಟೆನೆಂದು ಸಾರುವ ಬಿಲ್ಲೆ ಸಿಗುತ್ತಿತ್ತು. ಸುಮಾರು 3,20,000 ಹಲ್ಲುಗಳು ಬಂದವು. ಆ ಹಲ್ಲುಗಳಲ್ಲಿ ಸ್ಟ್ರಾಂಷಿಯಮ್ ಏರಿದ್ದು ಕಂಡುಬಂತು. 1963ರ ಪರೀಕ್ಷಾ ನಿಷೇಧ ಒಪ್ಪಂದದ ಹಿಂದಿನ ಜನಾಭಿಪ್ರಾಯಕ್ಕೆ ಈ ಅಧ್ಯಯನ ಬಲ ಕೊಟ್ಟಿತು. ಇಲ್ಲಿ ಮಗು ಮತ್ತೆ ಎಚ್ಚರವಿದ್ದು, ತಿಳಿದು, ತಾನೇ ಕೊಟ್ಟಿತ್ತು.

ಫೇರಿಯ ಆಚರಣೆಯಲ್ಲಿ ಮಗು ನಿದ್ರಿಸುತ್ತದೆ, ದೊಡ್ಡವರು ನಡೆಸುತ್ತಾರೆ. ಸಂಶೋಧಕಿ ಸಿಂಡಿ ಡೆಲ್ ಕ್ಲಾರ್ಕ್ 1995ರ ತಮ್ಮ ಗ್ರಂಥದಲ್ಲಿ ಮಕ್ಕಳನ್ನೂ ತಾಯಂದಿರನ್ನೂ ಮಾತನಾಡಿಸಿ ತೋರಿಸಿದ್ದು ಮುಖ್ಯವಾದದ್ದು: ಮಕ್ಕಳಿಗೆ ಆ ನಾಣ್ಯ ತಾವು ದೊಡ್ಡವರಾದ ಗುರುತು, ತಾಯಂದಿರಿಗೆ ಬಾಲ್ಯವನ್ನು ಇನ್ನಷ್ಟು ದಿನ ಹಿಡಿದಿಡುವ ಉಪಾಯ. ಫೇರಿ ಒಯ್ದಳೆಂದು ಮಗು ನಂಬಿದ ಹಲ್ಲು ಹಲವು ಮನೆಗಳಲ್ಲಿ ಅಮ್ಮನ ಪೆಟ್ಟಿಗೆಯಲ್ಲೇ ಇರುತ್ತದೆ. ಮಾಡಿನ ಮೇಲೆ ಎಸೆದ ಹಲ್ಲನ್ನು ಯಾರೂ ಹುಡುಕಿ ತಂದಿಟ್ಟುಕೊಳ್ಳುತ್ತಿರಲಿಲ್ಲ. ಮಗು ಬೆಳೆಯುವುದನ್ನು ಹೆಂಚಿನ ಮನೆಯವರು ಒಪ್ಪಿಕೊಂಡಷ್ಟು ಸಲೀಸಾಗಿ ದಿಂಬಿನ ಮನೆಯವರು ಒಪ್ಪಿಕೊಂಡಿಲ್ಲ.