ಇಪ್ಪತ್ತು ವರ್ಷ ತಡವಾಗಿ ಬಂದ ತಂಡ: ಭಾರತದ ಮಹಿಳಾ ಕಬಡ್ಡಿ

ಭಾಗ 1 – ಒಂದು ಪ್ರಶ್ನೆ

ಕಬಡ್ಡಿ ಅಂದ ಕೂಡಲೇ ನಮ್ಮ ಕ್ಲಾಸಿನಾಗ ಯಾರ ಹೆಸರು ಬರ್ತಾವ? ಪವನ್ ಸೆಹ್ರಾವತ್, ಪರ್ದೀಪ್ ನರ್ವಾಲ್, ರಾಹುಲ್ ಚೌಧರಿ. ಸರಿ, ಈಗ ಇನ್ನೊಂದು ಪ್ರಶ್ನೆ. ಕಬಡ್ಡಿಯಲ್ಲಿ ಭಾರತಕ್ಕೆ ವಿಶ್ವಕಪ್ ಗೆದ್ದುಕೊಟ್ಟ ಕರ್ನಾಟಕದ ಕ್ಯಾಪ್ಟನ್ ಯಾರು?

ಗೂಗಲ್ ಮಾಡದೆ ಹೇಳ್ರಿ ನೋಡೋಣ.

ಉತ್ತರ: ಮಮತಾ ಪೂಜಾರಿ. ಉಡುಪಿ ಜಿಲ್ಲೆಯ ಕಾರ್ಕಳ ಕಡೆಯ ರೈತರ ಮನೆ ಮಗಳು. ಗೊತ್ತಿರಲಿಲ್ಲ ಅಂದ್ರ ತಪ್ಪು ನಿಮ್ದಲ್ಲ. ಆ ತಂಡದ ಕಥೆಯನ್ನ ಯಾರೂ ನಮಗೆ ಸರಿಯಾಗಿ ಹೇಳಿಲ್ಲ. ಈ ಸರಣಿ ಅದಕ್ಕೇ.

ಭಾಗ 2 – ಹುತುತುದಿಂದ ಕಬಡ್ಡಿಗೆ

ನಮ್ಮ ಬಸವಕಲ್ಯಾಣದಿಂದ ಗಡಿ ದಾಟಿದರೆ ಮಹಾರಾಷ್ಟ್ರ. ಅಲ್ಲಿನ ಹಳೇ ಮಂದಿ ಈ ಆಟಕ್ಕೆ ‘ಹುತುತು’ ಅಂತಾರೆ. ತಮಿಳುನಾಡಿನಲ್ಲಿ ‘ಸಡುಗುಡು’. ಒಂದೊಂದು ಕಡೆ ಒಂದೊಂದು ನಿಯಮ ಇತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಹಾರಾಷ್ಟ್ರ, ಬರೋಡಾ ಕಡೆಯ ವ್ಯಾಯಾಮ ಶಾಲೆಗಳು ಕೂತು ನಿಯಮಗಳನ್ನು ಒಂದು ಮಾಡಿದವು. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಅಲ್ಲಿ ಕಬಡ್ಡಿ ಆಡಿ ತೋರಿಸಿದರು.

1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ಆಯ್ತು. 1952ರಲ್ಲಿ ಮದ್ರಾಸಿನಲ್ಲಿ ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್. ಮೂರೇ ವರ್ಷಕ್ಕೆ, 1955ರಲ್ಲಿ, ಕಲ್ಕತ್ತಾದಲ್ಲಿ ಮಹಿಳೆಯರದ್ದು.

ಈ 1955 ಅನ್ನೋದನ್ನ ನೆನಪಿಟ್ಟುಕೊಳ್ರಿ. ಮುಂದೆ ಬೇಕಾಗ್ತದ.

ಭಾಗ 3 – ಗಂಡಸರಿಗೆ 1990, ಹೆಂಗಸರಿಗೆ?

1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿ ಬರೀ ಪ್ರದರ್ಶನದ ಆಟ. 1990ರಲ್ಲಿ ಬೀಜಿಂಗ್‌ನಲ್ಲಿ ಪದಕದ ಆಟ ಆಯ್ತು, ಪುರುಷರಿಗೆ ಮಾತ್ರ. ಭಾರತದ ಪುರುಷರು ಅಲ್ಲಿಂದ 2014ರ ತನಕ ಸತತ ಏಳು ಚಿನ್ನ ಗೆದ್ದರು. ಕರ್ನಾಟಕದ ಸಿ. ಹೊನ್ನಪ್ಪ, ಬಿ.ಸಿ. ರಮೇಶ್ ಅವರಿಗೆ 2000 ಮತ್ತು 2001ರ ಅರ್ಜುನ ಪ್ರಶಸ್ತಿ ಬಂತು.

ಮಹಿಳೆಯರಿಗೆ? 2010ರ ತನಕ ಏಷ್ಯನ್ ಗೇಮ್ಸ್‌ನಲ್ಲಿ ಜಾಗವೇ ಇರಲಿಲ್ಲ. ಮೊದಲ ಏಷ್ಯನ್ ಮಹಿಳಾ ಚಾಂಪಿಯನ್‌ಶಿಪ್ ನಡೆದದ್ದೇ 2005ರಲ್ಲಿ, ನಮಗೆ ಹತ್ತಿರದ ಹೈದರಾಬಾದಿನಲ್ಲಿ.

ಅಂದ್ರ ಮಹಿಳೆಯರ ರಾಷ್ಟ್ರೀಯ ಟೂರ್ನಿ ಶುರುವಾಗಿ 55 ವರ್ಷ ಆದ ಮೇಲೆ, ಪುರುಷರು ಐದು ಚಿನ್ನ ಮನೆಗೆ ತಂದ ಮೇಲೆ, ನಮ್ಮ ಹುಡುಗಿಯರು ಏಷ್ಯನ್ ಗೇಮ್ಸ್ ಮ್ಯಾಟ್ ಹತ್ತಿದರು. ‘ಆಡೋ ಹೆಣ್ಮಕ್ಕಳೇ ಇರಲಿಲ್ಲ’ ಅನ್ನೋ ಮಾತು ನಿಲ್ಲಲ್ಲ. 1955ರಿಂದ ಆಡ್ತಾ ಇದ್ದರು. ತಲೆತಲೆಮಾರು ಆಡಿ, ಭಾರತದ ಜೆರ್ಸಿಯಲ್ಲಿ ಏಷ್ಯನ್ ಗೇಮ್ಸ್ ಕಾಣದೆ ನಿವೃತ್ತಿ ಆದರು.

ಭಾಗ 4 – ಗುವಾಂಗ್‌ಝೌ, ಪಾಟ್ನಾ, ಇಂಚಿಯಾನ್

2010ರ ಗುವಾಂಗ್‌ಝೌನಲ್ಲಿ ಅವಕಾಶ ಸಿಕ್ತು. ಮೊದಲ ಸಲಕ್ಕೇ ಚಿನ್ನ. ಫೈನಲ್‌ನಲ್ಲಿ ಥಾಯ್ಲೆಂಡ್ ವಿರುದ್ಧ 28–14. ಆ ತಂಡದಲ್ಲಿ ಕರ್ನಾಟಕದ ಇಬ್ಬರು: ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ.

2012ರಲ್ಲಿ ಪಾಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್. ಕ್ಯಾಪ್ಟನ್ ಮಮತಾ. ಫೈನಲ್‌ನಲ್ಲಿ ಇರಾನ್ ಸೋತಿತು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೆ ಇರಾನ್ ಎದುರು 31–21, ಮತ್ತೆ ಚಿನ್ನ. ತೇಜಸ್ವಿನಿಗೆ 2011ರ ಅರ್ಜುನ, ಮಮತಾಗೆ 2014ರದ್ದು.

ಭಾಗ 5 – ಊಟಕ್ಕೆ ದಾರಿ ಯಾವುದು?

ಆಟ ಬಲ್ಲವರು ಊರಿಗೊಬ್ಬರು ಸಿಗ್ತಾರ. ದೇಶದ ತಂಡದ ಮಟ್ಟಕ್ಕೆ ಹೋಗಬೇಕು ಅಂದ್ರ ವರ್ಷಗಟ್ಟಲೆ ದಿನಾ ಅಭ್ಯಾಸ ಬೇಕು. ಆ ವರ್ಷಗಳಲ್ಲಿ ಮನೆ ನಡೆಸೋರು ಯಾರು?

ಇದು ನಮ್ಮದೊಂದೇ ಪ್ರಶ್ನೆ ಅಲ್ಲ. 1895ರಲ್ಲಿ ಉತ್ತರ ಇಂಗ್ಲೆಂಡಿನ ರಗ್ಬಿ ಕ್ಲಬ್‌ಗಳು ಇದೇ ವಿಷಯಕ್ಕೆ ಜಗಳ ಮಾಡಿ ಹೊರಗೆ ಬಂದವು. ಗಣಿ, ಗಿರಣಿ ಕೆಲಸಗಾರರು ಪಂದ್ಯಕ್ಕಾಗಿ ಕಳೆದುಕೊಂಡ ಕೂಲಿಯನ್ನು ಕಟ್ಟಿಕೊಡಬೇಕು ಅಂತ ಅವರು ಕೇಳಿದರು. ದೊಡ್ಡ ಮನೆತನದವರ ಹಿಡಿತದಲ್ಲಿದ್ದ ಸಂಘ ಒಪ್ಪಲಿಲ್ಲ. ಆ ಒಡಕಿನಿಂದಲೇ 13 ಜನರ ‘ರಗ್ಬಿ ಲೀಗ್’ ಹುಟ್ಟಿತು. ಮುಂದೆ ಇಂಗ್ಲೆಂಡ್, ಆಸ್ಟ್ರೇಲಿಯಾಗಳ ರಾಷ್ಟ್ರೀಯ ತಂಡಗಳೂ ಅದರಿಂದಲೇ ಆದವು.

ನಮ್ಮಲ್ಲಿ ಆ ಕೂಲಿಯ ಪ್ರಶ್ನೆಗೆ ಸಿಕ್ಕ ಉತ್ತರ ರೈಲ್ವೆ. ಕ್ರೀಡಾ ಕೋಟಾದಲ್ಲಿ ನೌಕರಿ, ತಿಂಗಳ ಸಂಬಳ, ಆಡಲಿಕ್ಕೆ ತಂಡ. ಮಮತಾ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆ ಸೇರಿದರು. ಮಹಿಳಾ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಭಾರತೀಯ ರೈಲ್ವೆ ತಂಡ ವರ್ಷಗಟ್ಟಲೆ ಮೇಲುಗೈ ಸಾಧಿಸಿದ್ದು ಸುಮ್ಮನೆ ಅಲ್ಲ. ಬೀದರ್–ಕಲಬುರಗಿ ಮಾರ್ಗ ಪೂರ್ತಿಯಾಗಿ ನಮ್ಮ ಹುಮನಾಬಾದ್ ಮೇಲೆ ರೈಲು ಓಡಿದ್ದು 2017ರಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ರೈಲ್ವೆ ಈ ದೇಶದ ಕಬಡ್ಡಿ ಹುಡುಗಿಯರ ಕೈ ಹಿಡಿದಿತ್ತು.

ಭಾಗ 6 – ಒಂದೇ ಸೀಸನ್

2014ರಲ್ಲಿ ಪ್ರೊ ಕಬಡ್ಡಿ ಬಂತು. 2018ರ ಹರಾಜಿನಲ್ಲಿ ಪುರುಷ ಆಟಗಾರರ ಬೆಲೆ ಕೋಟಿ ದಾಟಿತು.

ಮಹಿಳೆಯರಿಗೆ 2016ರಲ್ಲಿ ‘ವುಮೆನ್ಸ್ ಕಬಡ್ಡಿ ಚಾಲೆಂಜ್’ ಅಂತ ಮೂರು ತಂಡಗಳ ಟೂರ್ನಿ ಮಾಡಿದರು. ಹೈದರಾಬಾದಿನ ಫೈನಲ್‌ನಲ್ಲಿ ತೇಜಸ್ವಿನಿಯ ಸ್ಟಾರ್ಮ್ ಕ್ವೀನ್ಸ್, ಮಮತಾಳ ಫೈರ್ ಬರ್ಡ್ಸ್ ತಂಡವನ್ನು 24–23ರಿಂದ ಸೋಲಿಸಿತು. ಎರಡೂ ಕಡೆ ಕರ್ನಾಟಕದ ಕ್ಯಾಪ್ಟನ್‌ಗಳು, ಒಂದೇ ಪಾಯಿಂಟಿನ ಅಂತರ! ಇದಕ್ಕಿಂತ ಒಳ್ಳೆ ಫೈನಲ್ ಬೇಕಾ? ಆದರೂ ಆ ಟೂರ್ನಿಯ ಎರಡನೇ ಸೀಸನ್ ಬರಲೇ ಇಲ್ಲ.

2018ರ ಜಕಾರ್ತಾದಲ್ಲಿ ಇರಾನ್ 27–24ರಿಂದ ನಮ್ಮ ಚಿನ್ನ ಕಸಿದುಕೊಂಡಿತು. ಆ ಇರಾನ್ ತಂಡದ ಕೋಚ್ ಯಾರು ಗೊತ್ತಾ? ನಾಸಿಕ್‌ನ ಶೈಲಜಾ ಜೈನ್. ನಮ್ಮ ವಿದ್ಯೆಯನ್ನೇ ಬೇರೆಯವರು ಗೌರವ ಕೊಟ್ಟು ಕರೆಸಿಕೊಂಡು ಕಲಿತರು.

ಭಾಗ 7 – ಈಗ

2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌನಲ್ಲಿ ಚೈನೀಸ್ ತೈಪೆ ವಿರುದ್ಧ 26–25. ಮತ್ತೆ ಚಿನ್ನ, ಮತ್ತೆ ಒಂದೇ ಪಾಯಿಂಟು. ಆ ಕೂಟದಲ್ಲಿ ಭಾರತದ ನೂರನೇ ಪದಕ ಅದೇ. ಎಲ್ಲರೂ ‘ನೂರು, ನೂರು’ ಅಂತ ಸ್ಟೇಟಸ್ ಹಾಕಿದ್ವಿ. ನೂರನೆಯದನ್ನ ತಂದವರ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಎರಡನೇ ಮಹಿಳಾ ವಿಶ್ವಕಪ್ ನಡೆದದ್ದು 2025ರ ನವೆಂಬರ್‌ನಲ್ಲಿ, ಢಾಕಾದಲ್ಲಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ 13 ವರ್ಷ. ಅದನ್ನೂ ಭಾರತವೇ ಗೆದ್ದಿತು.

ಇಷ್ಟು ಗೆದ್ದ ತಂಡಕ್ಕೆ ಕಡಿಮೆ ಬಿದ್ದದ್ದು ಪ್ರತಿಭೆ ಅಲ್ಲ. ಟೂರ್ನಿ, ಸಂಬಳ, ಟಿವಿಯಲ್ಲಿ ಜಾಗ: ಇವು ಪ್ರತಿ ಸಲ ತಡವಾಗಿ ಬಂದವು, ಇಲ್ಲಾ ಬಂದು ಹೊರಟೇ ಹೋದವು. ಹೈಸ್ಕೂಲಿನಾಗ ತಾಲ್ಲೂಕು ಮಟ್ಟಕ್ಕೆ ಆಡಿದ ನಮ್ಮ ಹುಡುಗಿಯರು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಯಾಕೆ ಆಟ ಬಿಡ್ತಾರೆ ಅನ್ನೋದಕ್ಕೂ ಉತ್ತರ ಇಲ್ಲೇ ಅದ.

ಅಂಥ ಗೆಳತಿ ನಿಮಗಿದ್ದರೆ ಅವಳಿಗೆ ಈ ಪೋಸ್ಟ್ ಕಳಿಸ್ರಿ. ರೈಲ್ವೆಯ ಕ್ರೀಡಾ ಕೋಟಾ ನೇಮಕಾತಿಯ ಪ್ರಕಟಣೆ ಬಂದಾಗ ಅವಳಿಗೆ ತೋರಿಸ್ರಿ. ಆಡಿದ ಟೂರ್ನಿಗಳ ಸರ್ಟಿಫಿಕೇಟ್ ಜೋಪಾನ ಮಾಡು ಅಂತ ಹೇಳ್ರಿ. ಮಮತಾ ಅವರ ದಾರಿ ಹಿಂಗೇ ಒಂದು ನೌಕರಿ ಮೇಲೆ ನಿಂತಿತ್ತು.

#ಕಬಡ್ಡಿ #ಮಹಿಳಾಕಬಡ್ಡಿ #ಮಮತಾಪೂಜಾರಿ #ತೇಜಸ್ವಿನಿಬಾಯಿ #ಬಸವಕಲ್ಯಾಣ #ಹುಮನಾಬಾದ್