ಹತ್ತು ಪೆನ್ನಿಯ ಕರುಣೆ

16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಳ್ಳನೊಬ್ಬ ಬದುಕಬೇಕೋ ಸಾಯಬೇಕೋ ಎಂಬುದಕ್ಕೆ ಒಂದು ಲೆಕ್ಕವಿತ್ತು. ಕದ್ದ ಮಾಲಿನ ಬೆಲೆ 12 ಪೆನ್ನಿ, ಅಂದರೆ ಒಂದು ಶಿಲ್ಲಿಂಗ್ ಮೀರಿದರೆ ಅದು ದೊಡ್ಡ ಕಳ್ಳತನ, ಶಿಕ್ಷೆ ನೇಣು. ಮೀರದಿದ್ದರೆ ಸಣ್ಣ ಕಳ್ಳತನ, ಛಡಿಯೇಟು. ಮಧ್ಯಯುಗದಲ್ಲಿ ಗೊತ್ತುಮಾಡಿದ ಈ ಗಡಿಯನ್ನು 1827ರವರೆಗೂ ಯಾರೂ ತೆಗೆದುಹಾಕಲಿಲ್ಲ. ಅಷ್ಟರಲ್ಲಿ ಬೆಲೆಗಳು ಹಲವು ಪಟ್ಟು ಏರಿದ್ದವು. ಹಿಂದೆ 12 ಪೆನ್ನಿಗೆ ಒಂದು ಕುರಿ ಸಿಗುತ್ತಿದ್ದರೆ, ಈಗ ಒಂದು ಒಳ್ಳೆಯ ಅಂಗಿಯೂ ಆ ಗಡಿ ದಾಟುತ್ತಿತ್ತು. ಕಾನೂನನ್ನು ಅಕ್ಷರಶಃ ಪಾಲಿಸಿದ್ದರೆ ಊರೂರಿಗೂ ನೇಣುಗಂಬ ನೆಡಬೇಕಾಗುತ್ತಿತ್ತು. ಹಾಗೆ ಆಗಲಿಲ್ಲ. ಯಾಕೆ?

ಮೊದಲನೆಯದಾಗಿ, ಅಲ್ಲಿ ಪೊಲೀಸರೇ ಇರಲಿಲ್ಲ. ಪ್ರತಿ ಪ್ಯಾರಿಷ್‌ಗೂ ಒಬ್ಬ ಕಾನ್‌ಸ್ಟೇಬಲ್ ಇರುತ್ತಿದ್ದ, ನಿಜ. ಆದರೆ ಅವನು ಊರಿನ ರೈತನೋ ಕಮ್ಮಾರನೋ ಆಗಿರುತ್ತಿದ್ದ. ಸರದಿ ಬಂದಾಗ ಒಂದು ವರ್ಷ, ಸಂಬಳವಿಲ್ಲದೆ ದುಡಿಯಬೇಕಿತ್ತು. ಷೇಕ್ಸ್‌ಪಿಯರ್ 'ಮಚ್ ಅಡೂ ಅಬೌಟ್ ನಥಿಂಗ್' ನಾಟಕದ ಡಾಗ್‌ಬೆರಿಯ ಮೂಲಕ ನಗೆಯಾಡಿದ್ದು ಇಂಥವರನ್ನೇ. ಕಳ್ಳತನವಾದರೆ ಕೂಗು ಹಾಕಬೇಕು, ಕೂಗು ಕೇಳಿದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬೆನ್ನಟ್ಟಬೇಕು: 1285ರ ವಿಂಚೆಸ್ಟರ್ ಶಾಸನದ ಈ ನಿಯಮ ಇನ್ನೂ ಜಾರಿಯಲ್ಲಿತ್ತು. ಮ್ಯಾಜಿಸ್ಟ್ರೇಟನೂ ಸಂಬಳವಿಲ್ಲದ ಜಮೀನುದಾರ. ಮೊಕದ್ದಮೆ ನಡೆಸಬೇಕಾದವನು ಮಾಲು ಕಳೆದುಕೊಂಡವನೇ. ಗುಮಾಸ್ತರ ಶುಲ್ಕ ಕಟ್ಟಬೇಕು; ವರ್ಷಕ್ಕೆರಡು ಸಲ ಲಂಡನ್ನಿನಿಂದ ನ್ಯಾಯಾಧೀಶರು ಬಂದಾಗ, ಸಾಕ್ಷಿಗಳನ್ನು ಕರೆದುಕೊಂಡು ಕೌಂಟಿಯ ಪಟ್ಟಣಕ್ಕೆ ಹೋಗಬೇಕು. ಒಂದು ಕಂಬಳಿಗಾಗಿ ಇಷ್ಟು ಖರ್ಚು ಯಾರಿಗೆ ಬೇಕು? ಅದೂ ಪಕ್ಕದ ಮನೆಯ ಹುಡುಗ ನೇಣಿಗೇರುತ್ತಾನೆ ಎಂದು ಗೊತ್ತಿದ್ದಾಗ? ಅನೇಕರು ಮಾಲು ವಾಪಸು ಪಡೆದು, ಬೈದು, ಎರಡೇಟು ಹಾಕಿ ಅಲ್ಲಿಗೇ ಮುಗಿಸಿಬಿಡುತ್ತಿದ್ದರು.

ಮೊಕದ್ದಮೆ ನಡೆದರೂ ದಾರಿಗಳು ಮುಚ್ಚುತ್ತಿರಲಿಲ್ಲ. ಜ್ಯೂರಿಯಲ್ಲಿ ಕೂರುವವರು ಸ್ಥಿತಿವಂತ ರೈತರು, ವ್ಯಾಪಾರಿಗಳು. ಅಂಗಿಯ ಬೆಲೆ ಎಷ್ಟೆಂದು ನ್ಯಾಯಾಧೀಶರಿಗಿಂತ ಚೆನ್ನಾಗಿ ಬಲ್ಲವರು. ಆದರೂ ಹತ್ತಾರು ಶಿಲ್ಲಿಂಗಿನ ಮಾಲನ್ನು ಪ್ರಮಾಣ ಮಾಡಿ "10 ಪೆನ್ನಿ" ಎಂದು ಬರೆಸುತ್ತಿದ್ದರು. ಸುಳ್ಳು ಎಂದು ಎಲ್ಲರಿಗೂ ಗೊತ್ತು. ಅಪರಾಧಿ ಛಡಿಯೇಟು ತಿಂದು ಮನೆಗೆ ಹೋಗುತ್ತಿದ್ದ. ಮುಂದೆ 18ನೆಯ ಶತಮಾನದ ಕಾನೂನು ಪಂಡಿತ ಬ್ಲಾಕ್‌ಸ್ಟೋನ್ ಇದನ್ನು ಒಂದು ಬಗೆಯ ಪುಣ್ಯದ ಸುಳ್ಳುಸಾಕ್ಷಿ ಎಂದೇ ಕರೆದ.

ಎರಡನೆಯ ದಾರಿ ಇನ್ನೂ ವಿಚಿತ್ರ. ಪಾದ್ರಿಗಳನ್ನು ರಾಜನ ನ್ಯಾಯಾಲಯ ಗಲ್ಲಿಗೇರಿಸುವಂತಿಲ್ಲ ಎಂಬ ಹಳೆಯ ಚರ್ಚಿನ ಹಕ್ಕೊಂದಿತ್ತು. ಓದಬಲ್ಲವನೇ ಪಾದ್ರಿ ಎಂಬ ಅರ್ಥ ಅದಕ್ಕೆ ಬಂತು. ತಪ್ಪಿತಸ್ಥನ ಕೈಗೆ ಬೈಬಲ್ ಕೊಟ್ಟು, ಸಾಮಾನ್ಯವಾಗಿ 51ನೆಯ ಕೀರ್ತನೆಯ ಮೊದಲ ವಚನ ಓದಿಸುತ್ತಿದ್ದರು. ಓದು ಬಾರದವರು ಅದನ್ನು ಬಾಯಿಪಾಠ ಮಾಡಿಕೊಂಡರು. ಜನ ಅದನ್ನು 'ಕತ್ತಿನ ವಚನ' ಎಂದು ಕರೆದರು. 1489ರ ಕಾನೂನು ಇದನ್ನು ಒಂದೇ ಸಲಕ್ಕೆ ಸೀಮಿತಗೊಳಿಸಿ, ಗುರುತಿಗೆ ಹೆಬ್ಬೆರಳಿಗೆ ಬರೆ ಹಾಕಲು ಹೇಳಿತು. ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ದ್ವಂದ್ವಯುದ್ಧದಲ್ಲಿ ನಟನೊಬ್ಬನನ್ನು ಕೊಂದು ಬದುಕಿ ಉಳಿದದ್ದು ಹೀಗೆಯೇ. ಹೆಂಗಸರಿಗೆ ಮಾತ್ರ 1623ರವರೆಗೆ ಈ ಬಾಗಿಲು ತೆರೆಯಲಿಲ್ಲ. ಆಮೇಲೂ 10 ಶಿಲ್ಲಿಂಗಿನೊಳಗಿನ ಕಳ್ಳತನಕ್ಕಷ್ಟೇ ತೆರೆಯಿತು. ಪೂರ್ತಿ ತೆರೆದದ್ದು 1691ರಲ್ಲಿ.

ಇದನ್ನೆಲ್ಲ ಓದಿ 'ಎಂಥ ಕರುಣಾಳು ಊರು' ಎನ್ನುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಕರುಣೆ ಯಾರಿಗೆ ಸಿಕ್ಕಿತು? ಒಳ್ಳೆಯವನೆಂದು ಹೇಳುವ ಯಜಮಾನನೋ ನೆರೆಯವನೋ ಇದ್ದವನಿಗೆ. ಕೆಲಸ ಹುಡುಕಿಕೊಂಡು ಊರೂರು ಅಲೆಯುವವನಿಗೆ ಅಂಥವರು ಎಲ್ಲಿಂದ ಬರಬೇಕು? ಅಲೆಮಾರಿಗಳಿಗೆ ಛಡಿಯೇಟು ಕೊಟ್ಟು, ಬಲಗಿವಿಯನ್ನು ಕಾದ ಕಬ್ಬಿಣದಿಂದ ತೂತು ಮಾಡಬೇಕೆಂದು 1572ರ ಕಾನೂನು ಹೇಳಿತು. ಮೂರನೆಯ ಸಲ ಸಿಕ್ಕಿಬಿದ್ದರೆ ಸಾವು. ಇತಿಹಾಸಕಾರ ಡಗ್ಲಸ್ ಹೇ 18ನೆಯ ಶತಮಾನವನ್ನು ಮುಂದಿಟ್ಟುಕೊಂಡು, ಜಮೀನುದಾರರ ನಿಜವಾದ ಬಲ ನೇಣಿನಲ್ಲಿ ಅಲ್ಲ, ನೇಣಿನಿಂದ ಬಿಡಿಸುವ ಅಧಿಕಾರದಲ್ಲಿತ್ತು ಎಂದು ವಾದಿಸಿದರು. ಪ್ರಾಣ ಉಳಿಸಿಕೊಟ್ಟವನ ಎದುರು ತಲೆ ಎತ್ತುವುದು ಹೇಗೆ?

ಆಸ್ತಿವಂತರೇ ತುಂಬಿದ್ದ ಪಾರ್ಲಿಮೆಂಟು ಈ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂತು. 1699ರಲ್ಲಿ ಅಂಗಡಿಯಿಂದ ಗುಟ್ಟಾಗಿ 5 ಶಿಲ್ಲಿಂಗಿನ ಮಾಲು ಕದ್ದವನಿಗೆ ಕತ್ತಿನ ವಚನ ಇಲ್ಲವೆಂದಾಯಿತು. ಜ್ಯೂರಿಗಳು ಈಗ ಬೆಲೆಯನ್ನು 5 ಶಿಲ್ಲಿಂಗಿಗಿಂತ ಕೆಳಗೆ ಇಳಿಸತೊಡಗಿದವು. 1723ರ ಬ್ಲ್ಯಾಕ್ ಆಕ್ಟ್ ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಬೇಟೆಯಾಡುವುದರಿಂದ ಹಿಡಿದು ತೋಪಿನ ಮರ ಕಡಿಯುವವರೆಗೆ ಹತ್ತಾರು ಕೃತ್ಯಗಳಿಗೆ ನೇಣು ವಿಧಿಸಿತು. 1688ರಲ್ಲಿ ಸುಮಾರು 50 ಇದ್ದ ಮರಣದಂಡನೆಯ ಅಪರಾಧಗಳು 19ನೆಯ ಶತಮಾನದ ಆರಂಭಕ್ಕೆ 200 ದಾಟಿದವು.

ಆ ಪಟ್ಟಿಯಲ್ಲಿ 1729ರಲ್ಲಿ ಸೇರಿದ್ದು ದಸ್ತಾವೇಜಿನ ಫೋರ್ಜರಿ. ಅದೇ ಕಾನೂನು ಹಡಗು ಹತ್ತಿ ಕಲ್ಕತ್ತೆಗೂ ಬಂತು. ವಾರೆನ್ ಹೇಸ್ಟಿಂಗ್ಸ್ ಲಂಚ ತಿಂದನೆಂದು ದೂರಿದ್ದ ಮಹಾರಾಜ ನಂದಕುಮಾರನನ್ನು, ಅದಾದ ಕೆಲವೇ ತಿಂಗಳಲ್ಲಿ, ಹಳೆಯ ಸಾಲಪತ್ರವೊಂದರ ಫೋರ್ಜರಿ ಆರೋಪದ ಮೇಲೆ ವಿಚಾರಣೆ ನಡೆಸಿ 1775ರ ಆಗಸ್ಟ್ 5ರಂದು ಗಲ್ಲಿಗೇರಿಸಲಾಯಿತು. ಬಂಗಾಳದ ರೂಢಿಯಲ್ಲಿ ಆ ಅಪರಾಧಕ್ಕೆ ಸಾವಿನ ಶಿಕ್ಷೆ ಇರಲಿಲ್ಲ. ಜ್ಯೂರಿಯಲ್ಲಿ ಒಬ್ಬ ಬಂಗಾಳಿಯೂ ಇರಲಿಲ್ಲ. ರಾಜನ ತೀರ್ಮಾನ ಬರುವವರೆಗೆ ಶಿಕ್ಷೆ ತಡೆಯುವ ಅಧಿಕಾರ ನ್ಯಾಯಾಲಯಕ್ಕಿತ್ತು, ಅದನ್ನು ಬಳಸಲಿಲ್ಲ. ಫೋರ್ಜರಿಗೆ ಇಂಗ್ಲೆಂಡಿನಲ್ಲೂ ಕ್ಷಮೆ ವಿರಳವೇ, ನಿಜ. ಆದರೆ ಅಲ್ಲಿ ಕಾನೂನಿನ ಜೊತೆಗೆ ನೆರೆಹೊರೆಯೂ ಇತ್ತು. ಕಲ್ಕತ್ತೆಗೆ ಬಂದದ್ದು ಕಾನೂನು ಮಾತ್ರ. ನೇಣಿನ ಕಾನೂನನ್ನು ಶತಮಾನಗಳ ಕಾಲ ಸಹ್ಯವಾಗಿಸಿದ್ದ ಆ 10 ಪೆನ್ನಿಯ ಸುಳ್ಳನ್ನು ಯಾರೂ ಹಡಗಿಗೆ ತುಂಬಿರಲಿಲ್ಲ.