ಅಲ್ಲಾವುದ್ದೀನನ ಊರು ಯಾವುದು?

ನಮ್ಮಲ್ಲಿ ಅಲ್ಲಾವುದ್ದೀನನ ದೀಪ ಬರೀ ಕತೆಯಾಗಿ ಉಳಿದಿಲ್ಲ, ಆಡುಮಾತಾಗಿ ಹೋಗಿದೆ. ಅನುದಾನ ಕೇಳಿದವರಿಗೆ ಮಂತ್ರಿಗಳು 'ನನ್ನ ಹತ್ತಿರ ಅಲ್ಲಾವುದ್ದೀನನ ದೀಪ ಇದೆಯೇನ್ರೀ?' ಎನ್ನುತ್ತಾರೆ; ಸಾಲ ಕೇಳಿದ ಅಳಿಯನಿಗೆ ಮಾವನೂ ಅದನ್ನೇ ಹೇಳುತ್ತಾನೆ. ಉರ್ದು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಅದೇ ಕತೆ 'ಅಲಾದೀನ್ ಕಾ ಚಿರಾಗ್' ಆಗಿ ಪರಿಚಯ. ನಾಯಕನದು ಮುಸಲ್ಮಾನರ ಹೆಸರು, ಸುಲ್ತಾನನಿದ್ದಾನೆ, ವಜೀರನಿದ್ದಾನೆ, ಜಿನ್ ಇದೆ. ಹೀಗಾಗಿ ಇದು ಅರಬರ ಪುರಾತನ ಕತೆ, 'ಸಾವಿರದ ಒಂದು ರಾತ್ರಿ'ಗಳಲ್ಲಿ ಒಂದು ರಾತ್ರಿಯ ಕತೆ ಎಂದು ಎರಡೂ ಭಾಷೆಯವರು ನಂಬಿಕೊಂಡು ಬಂದಿದ್ದೇವೆ.

ಆದರೆ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಈ ಕತೆ ಮೊದಲು ಅಚ್ಚಾದದ್ದು 1712ರಲ್ಲಿ, ಅದೂ ಫ್ರೆಂಚ್ ಭಾಷೆಯಲ್ಲಿ. ಅದಕ್ಕಿಂತ ಹಳೆಯದಾದ ಅರಬಿ ಹಸ್ತಪ್ರತಿ ಇಂದಿನವರೆಗೂ ಸಿಕ್ಕಿಲ್ಲ. ಇನ್ನು ಕತೆ ನಡೆಯುವ ಊರಾದರೂ ಬಾಗ್ದಾದೇ? ಅಲ್ಲ, ಚೀನಾ! ಚೀನಾದ ಒಂದು ರಾಜಧಾನಿಯಲ್ಲಿ ಮುಸ್ತಫಾ ಎಂಬ ಬಡ ದರ್ಜಿ, ಅವನ ಉಂಡಾಡಿ ಮಗ ಅಲ್ಲಾವುದ್ದೀನ್. ಅವನನ್ನು ಹುಡುಕಿಕೊಂಡು ಬರುವ ಮಾಂತ್ರಿಕ ಆಫ್ರಿಕಾದವನು. ಆ ಚೀನಾದಲ್ಲಿ ಸುಲ್ತಾನನ ಆಳ್ವಿಕೆಯಿದೆ, ಹಮಾಮುಗಳಿವೆ. ಇದು ಭೂಪಟದ ಚೀನಾ ಅಲ್ಲ. ನಮ್ಮ ಅಜ್ಜಿಯಂದಿರು 'ಏಳು ಸಮುದ್ರದ ಆಚೆ' ಎನ್ನುತ್ತಿದ್ದರಲ್ಲ, ಆ ಜಾತಿಯ ಚೀನಾ. ಆಫ್ರಿಕಾ ಒಂದು ತುದಿ, ಚೀನಾ ಇನ್ನೊಂದು ತುದಿ. ನಡುವೆ ನಿಂತು ಕತೆ ಹೇಳುತ್ತಿರುವವನ ಊರು ಯಾವುದು?

ಅದು ಸಿರಿಯಾದ ಅಲೆಪ್ಪೊ. ಹೇಳಿದವನ ಹೆಸರು ಹನ್ನಾ ದಿಯಾಬ್, ಮರೋನೈಟ್ ಪಂಥದ ಕ್ರೈಸ್ತ.

ಫ್ರಾನ್ಸಿನ ವಿದ್ವಾಂಸ ಆಂತ್ವಾನ್ ಗಾಲಾಂ (1646–1715) ಸಿರಿಯಾದಿಂದ ತರಿಸಿದ ಒಂದು ಹಳೆಯ ಹಸ್ತಪ್ರತಿಯನ್ನಿಟ್ಟುಕೊಂಡು 1704ರಿಂದ 'ಸಾವಿರದ ಒಂದು ರಾತ್ರಿ'ಗಳನ್ನು ಫ್ರೆಂಚಿಗೆ ತರತೊಡಗಿದ. ಓದುಗರು ಹುಚ್ಚೆದ್ದು ಓದಿದರು. ಆದರೆ ಹಸ್ತಪ್ರತಿಯಲ್ಲಿದ್ದ ರಾತ್ರಿಗಳು ಮುನ್ನೂರನ್ನೂ ಮುಟ್ಟುತ್ತಿರಲಿಲ್ಲ. ಸಾವಿರದ ಲೆಕ್ಕ ತುಂಬುವುದು ಹೇಗೆ? ಕತೆ ಮುಗಿದಿತ್ತು, ಬೇಡಿಕೆ ಮುಗಿದಿರಲಿಲ್ಲ. ಅಂಥ ಹೊತ್ತಿನಲ್ಲಿ, 1709ರ ಮಾರ್ಚ್ ತಿಂಗಳಲ್ಲಿ, ಪ್ರವಾಸಿ ಪೌಲ್ ಲ್ಯೂಕಾಸನ ಜೊತೆ ಪ್ಯಾರಿಸಿಗೆ ಬಂದಿದ್ದ ಇಪ್ಪತ್ತರ ಆಸುಪಾಸಿನ ಹನ್ನಾ ಅವನಿಗೆ ಸಿಕ್ಕಿದ. ಕೆಲವೇ ವಾರಗಳಲ್ಲಿ ಆ ಹುಡುಗ ಹೇಳಿದ ಕತೆಗಳು ಹದಿನಾರು. ಅವುಗಳಲ್ಲಿ ಹತ್ತನ್ನು ಗಾಲಾಂ ಬೆಳೆಸಿ, ತಿದ್ದಿ, ತನ್ನ ಸಂಪುಟಗಳಲ್ಲಿ ಸೇರಿಸಿದ. ಅಲ್ಲಾವುದ್ದೀನ್ ಆ ಹತ್ತರಲ್ಲಿ ಒಬ್ಬ, ಅಲಿಬಾಬಾ ಇನ್ನೊಬ್ಬ. 'ಖುಲ್ ಜಾ ಸಿಮ್ ಸಿಮ್' ಎಂದು ನಾವೆಲ್ಲ ಕೂಗಿದ್ದು (ಅರಬಿಯ ಸಿಮ್‌ಸಿಮ್ ಎಂದರೆ ನಮ್ಮ ಎಳ್ಳು) ಈ ಹನ್ನಾನಿಂದಲೇ ಬಂದದ್ದು. ಜಗತ್ತು ಅತಿ ಹೆಚ್ಚು ನೆನಪಿಟ್ಟುಕೊಂಡ ಆ ಎರಡು ಕತೆಗಳೂ ಮೂಲ ಹಸ್ತಪ್ರತಿಯಲ್ಲಿ ಇಲ್ಲ ಎಂಬುದೇ ದೊಡ್ಡ ಸೋಜಿಗ.

ಗಾಲಾಂ ತನ್ನ ದಿನಚರಿಯಲ್ಲಿ ಹನ್ನಾನ ಹೆಸರು ಬರೆದುಕೊಂಡ. ಅಚ್ಚಾದ ಪುಸ್ತಕದಲ್ಲಿ ಬರೆಯಲಿಲ್ಲ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಕತೆ ಪ್ರಸಿದ್ಧವಾದ ಮೇಲೆ ಅದರ 'ಅರಬಿ ಮೂಲ'ಕ್ಕಾಗಿ ಹುಡುಕಾಟ ಶುರುವಾಯಿತು. ಹುಡುಕುವವರಿದ್ದರೆ ಒದಗಿಸುವವರೂ ಹುಟ್ಟಿಕೊಳ್ಳುತ್ತಾರೆ. ಪ್ಯಾರಿಸಿನಲ್ಲಿ ಅಲ್ಲಾವುದ್ದೀನನ ಎರಡು ಅರಬಿ ಹಸ್ತಪ್ರತಿಗಳು ಕಾಣಿಸಿಕೊಂಡವು. ಅವು ಗಾಲಾಂನ ಫ್ರೆಂಚಿನಿಂದಲೇ ಅರಬಿಗೆ ತಿರುಗಿಸಿದ ನಕಲಿಗಳೆಂದು ತೋರಿಸಿಕೊಟ್ಟವರು ಕರ್ಬಲಾದಲ್ಲಿ ಹುಟ್ಟಿದ ವಿದ್ವಾಂಸ ಮುಹ್ಸಿನ್ ಮಹ್ದಿ. ಗಾಲಾಂನ ಹಸ್ತಪ್ರತಿಯನ್ನು 1984ರಲ್ಲಿ ಶಾಸ್ತ್ರೀಯವಾಗಿ ಸಂಪಾದಿಸಿ ಹೊರತಂದವರೂ ಅವರೇ. ನಮ್ಮ ದೇಶಕ್ಕೂ ಇಲ್ಲೊಂದು ನಂಟಿದೆ. 'ಸಾವಿರದ ಒಂದು ರಾತ್ರಿ'ಗಳು ಅರಬಿಯಲ್ಲಿ ಮೊದಲು ಅಚ್ಚಾದದ್ದು ಅರಬ್ ನಾಡಿನಲ್ಲಲ್ಲ, ಕಲ್ಕತ್ತೆಯಲ್ಲಿ, 1814 ಮತ್ತು 1818ರಲ್ಲಿ. 1839ರಿಂದ 1842ರ ನಡುವೆ ಅಲ್ಲಿಂದಲೇ ನಾಲ್ಕು ಸಂಪುಟಗಳ ಇನ್ನೊಂದು ಮುದ್ರಣ ಬಂತು. ಎರಡರಲ್ಲೂ ಅಲ್ಲಾವುದ್ದೀನನ ದೀಪ ಇಲ್ಲ.

ಹನ್ನಾ ಏನಾದ? ಪ್ಯಾರಿಸಿನಲ್ಲಿ ರಾಜನ ಗ್ರಂಥಾಲಯದ ಕೆಲಸದ ಆಸೆ ತೋರಿಸಿದ್ದರು, ಅದು ಕೈಗೂಡಲಿಲ್ಲ. ಊರಿಗೆ ಮರಳಿ ಬಟ್ಟೆ ವ್ಯಾಪಾರ ಮಾಡಿದ. ಎಪ್ಪತ್ತು ದಾಟಿದ ಮೇಲೆ, 1764ರ ಸುಮಾರಿಗೆ, ತನ್ನ ಪ್ರವಾಸದ ನೆನಪುಗಳನ್ನು ಅರಬಿಯಲ್ಲಿ ಬರೆದ. ಮೊದಲ ಪುಟಗಳೇ ಕಳೆದುಹೋದ ಆ ಹಸ್ತಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿ ಅನಾಮಧೇಯವಾಗಿ ಬಿದ್ದಿತ್ತು. ಬರೆದವನು ಯಾರೆಂದು ವಿದ್ವಾಂಸರು ಗುರುತಿಸಿದ್ದು 1990ರ ದಶಕದಲ್ಲಿ. ಫ್ರೆಂಚ್ ಅನುವಾದ 2015ರಲ್ಲಿ, ಇಂಗ್ಲಿಷ್ ಅನುವಾದ 2021ರಲ್ಲಿ ಬಂತು. ಅದರಲ್ಲಿ ಕತೆಗಳನ್ನು ಹೇಳಿದ ಪ್ರಸಂಗ ನಾಲ್ಕಾರು ಸಾಲಿನಲ್ಲಿ ಮುಗಿಯುತ್ತದೆ: ಮುದುಕನೊಬ್ಬ ಬರುತ್ತಿದ್ದ, ಅವನ ಪುಸ್ತಕಕ್ಕೆ ರಾತ್ರಿಗಳು ಕಡಿಮೆ ಬಿದ್ದಿದ್ದವು, ನನಗೆ ಗೊತ್ತಿದ್ದ ಕತೆ ಹೇಳಿದೆ, ಅವನಿಗೆ ಸಂತೋಷವಾಯಿತು. ಅಷ್ಟೇ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಘಟನೆಯಿದೆ. ಪ್ರವಾಸದ ಆರಂಭದಲ್ಲಿ ಲ್ಯೂಕಾಸ್ ಒಬ್ಬ ಕುರುಬನನ್ನು ಹಳೆಯ ಸಮಾಧಿಯೊಂದರೊಳಗೆ ಇಳಿಸುತ್ತಾನೆ. ಒಳಗಿನಿಂದ ಬರುವ ವಸ್ತುಗಳಲ್ಲಿ ಒಂದು ಉಂಗುರ, ಒಂದು ದೀಪ! ಅಲ್ಲಾವುದ್ದೀನನ ಗುಹೆಯನ್ನು ಬಲ್ಲವರು ಇದನ್ನು ಓದಿ ಬೆರಗಾಗದಿರಲಾರರು.

ಈ ಇತಿಹಾಸ ಮಕ್ಕಳ ಕತೆಗೆ ಯಾಕೆ ಬೇಕು? ಯಾಕೆಂದರೆ ಹೇಳುವವರೆಲ್ಲ ಈ ಕತೆಯನ್ನು ತಮಗೆ ಬೇಕಾದ ಊರಿಗೆ ಕೊಂಡೊಯ್ದಿದ್ದಾರೆ. 1788ರಲ್ಲೇ ಲಂಡನ್ನಿನ ರಂಗದ ಮೇಲೆ ಬಂದ ಅಲ್ಲಾವುದ್ದೀನನ ತಾಯಿಗೆ 1861ರ ನಾಟಕವೊಂದು ಚೀನೀ ಚಹಾದ ಹೆಸರಿಟ್ಟು ನಗಿಸಿತು. 1992ರಲ್ಲಿ ಡಿಸ್ನಿಯವರು ಚೀನಾ ಬಿಟ್ಟು 'ಅಗ್ರಬಾ' ಎಂಬ ಕಲ್ಪನೆಯ ಅರಬ್ ಊರು ಕಟ್ಟಿದರು. ಮುಖ ಇಷ್ಟವಾಗದಿದ್ದರೆ ಕಿವಿ ಕತ್ತರಿಸುವ ನಾಡು ಅದು ಎಂದು ಮೊದಲ ಹಾಡಿನಲ್ಲೇ ಹೇಳಿಸಿದರು. ಅರಬ್ ಮೂಲದ ಅಮೆರಿಕನ್ನರು ಪ್ರತಿಭಟಿಸಿದ ಮೇಲೆ, 1993ರ ವಿಡಿಯೋ ಆವೃತ್ತಿಯಲ್ಲಿ ಆ ಸಾಲು ಬದಲಾಯಿತು. ಊರು ಬದಲಿಸುವುದು ತಪ್ಪಲ್ಲ. ಹನ್ನಾನೂ ಅದನ್ನೇ ಮಾಡಿದ. ಬದಲಿಸಿದ ಊರಿನ ಜನರನ್ನು ಮಕ್ಕಳ ಕಣ್ಣಲ್ಲಿ ಏನು ಮಾಡುತ್ತೇವೆ ಎಂಬುದಷ್ಟೇ ಪ್ರಶ್ನೆ.

ಕನ್ನಡದಲ್ಲೂ ಈ ಪ್ರಶ್ನೆ ಇದೆ. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಜಿನ್ ಎಷ್ಟೋ ಸಲ 'ಭೂತ'ವಾಗುತ್ತದೆ, 'ರಾಕ್ಷಸ'ನಾಗುತ್ತದೆ. ಮುಸ್ಲಿಮರ ನಂಬಿಕೆಯಲ್ಲಿ ಜಿನ್ ಸತ್ತವರ ಪ್ರೇತವೂ ಅಲ್ಲ, ರಕ್ಕಸನೂ ಅಲ್ಲ. ಮನುಷ್ಯರಂತೆ ಒಳ್ಳೆಯವರೂ ಕೆಟ್ಟವರೂ ಇರುವ ಇನ್ನೊಂದು ಸೃಷ್ಟಿ. ಜಿನ್ ಎಂದೇ ಬರೆದರೆ ಕನ್ನಡದ ಮಗುವಿಗೆ ಅರ್ಥವಾಗದೇ? ಒಂದು ಸಾಲಿನ ವಿವರಣೆ ಸಾಕು. ಹಾಗೆಯೇ, ಗಂಡ ಸತ್ತ ಮೇಲೆ ಅಲ್ಲಾವುದ್ದೀನನ ತಾಯಿ ಹತ್ತಿ ನೂತು ಮಗನನ್ನು ಸಾಕುತ್ತಾಳೆ ಎಂಬುದು ಗಾಲಾಂನ ಕತೆಯಲ್ಲಿದೆ. ಮಕ್ಕಳ ಆವೃತ್ತಿಗಳಲ್ಲಿ ಮಾತ್ರ ಅದು ಸುಲಭವಾಗಿ ಮರೆಯಾಗುತ್ತದೆ. ಕರಾವಳಿಯಲ್ಲಿ ಈ ಕತೆ ಹೇಳುವವರು ಅವಳ ಕೈಗೆ ಬೀಡಿಯ ಮೊರ ಕೊಡಲಿ, ವಿಜಾಪುರದವರು ತಮ್ಮ ಗಲ್ಲಿಯಲ್ಲೇ ಅವಳ ಮನೆ ಕಟ್ಟಲಿ. ದುಡಿದು ಸಾಕುವ ತಾಯಿ ಇಲ್ಲದ ದೀಪದ ಕತೆ ಬರೀ ಲಾಟರಿಯ ಕತೆಯಾಗುತ್ತದೆ.

ಕ್ರೈಸ್ತನೊಬ್ಬ ಹೇಳಿದ, ಮುಸ್ಲಿಂ ಹೆಸರಿನ ನಾಯಕನಿರುವ, ಚೀನಾದಲ್ಲಿ ನಡೆಯುವ, ಫ್ರೆಂಚಿನಲ್ಲಿ ಅಚ್ಚಾದ ಕತೆಯಿದು. ಇದು ನಮ್ಮದು, ಅವರದು ಎಂದು ಪಾಲು ಹಾಕಲು ಹೊರಟರೆ ಯಾರ ಕೈಗೂ ಪೂರ್ತಿ ಸಿಗುವುದಿಲ್ಲ. ಆದ್ದರಿಂದ ಯಾರು ಬೇಕಾದರೂ ತಮ್ಮ ಊರಿಗೆ ಕರೆದೊಯ್ಯಬಹುದು. ಇನ್ನು ಮುಂದೆ ಕನ್ನಡದಲ್ಲಿ ಇದನ್ನು ಮಕ್ಕಳಿಗಾಗಿ ಅಚ್ಚು ಹಾಕುವವರು ಮೊದಲ ಪುಟದಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಈ ಕತೆ ಹೇಳಿದವನು ಅಲೆಪ್ಪೊದ ಹನ್ನಾ ದಿಯಾಬ್.